ಪುಣೆಗೆ ಬಂದ ತಂಗಿಗೆ: ಮಕ್ಕಳ ವಿಶ್ವಾಸದ ಬಗ್ಗೆ

ಪ್ರಿಯ ತಂಗಿ, ವಂದನೆಗಳು.

ಗದಗ-ಬೆಟಗೇರಿಯಿಂದ ಪುಣೆಯ ಪಿಂಪ್ರಿಗೆ ಬಂದ ಮೇಲೆ ಒಂಬತ್ತನೇ ಕ್ಲಾಸಿನ ಮಗ ಡಬ್ಬಿ ತೆಗೆಯುವ ಮುಂಚೆ ಪ್ರಾರ್ಥನೆ ಮಾಡುವುದನ್ನೇ ಬಿಟ್ಟಿದ್ದಾನೆ, ಗೆಳೆಯರ ಮುಂದೆ ಚರ್ಚಿನ ಮಾತೆತ್ತುವುದಿಲ್ಲ, ಅವನಿಗೆ ಧೈರ್ಯ ತುಂಬುವುದು ಹೇಗೆ ಎಂದು ಕೇಳಿದ್ದೀರಿ. ಜೊತೆಗೆ ಇಲ್ಲಿ ಜೋಳ ಸಿಗುತ್ತದೆಯೇ, ಯಾವ ಚರ್ಚಿನ ಸಭೆಗೆ ಸೇರುವುದು, ಗಣಪತಿ ಪ್ರಸಾದ ತಿನ್ನಬಹುದೇ ಎಂದೂ ಕೇಳಿದ್ದೀರಿ.

ಜೋಳದ ಚಿಂತೆ ಬೇಡ, ಇಲ್ಲಿಯವರೂ ಭಾಕ್ರಿ ತಿನ್ನುವವರೇ. ಆದರೂ ಊರಿಗೆ ಹೋದಾಗ ಒಂದು ಚೀಲ ತನ್ನಿ. ನನ್ನ ನಾಲಿಗೆಗೆ ಇವತ್ತಿಗೂ ನಮ್ಮ ಕಡೆಯ ರೊಟ್ಟಿಯೇ ಬೇಕು. ಸಭೆಯ ವಿಷಯ: ನಾವು 1947ರ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ), ಇಲ್ಲಿರುವುದು 1970ರಲ್ಲಿ ಕೂಡಿದ ಸಿಎನ್‌ಐ (ಚರ್ಚ್ ಆಫ್ ನಾರ್ತ್ ಇಂಡಿಯಾ). ಎರಡಕ್ಕೂ ಅನ್ಯೋನ್ಯತೆ ಇದೆ, ಒಂದರ ಸದಸ್ಯರನ್ನು ಇನ್ನೊಂದು ತನ್ನವರೆಂದೇ ಒಪ್ಪುತ್ತದೆ. ನಿಮ್ಮ ಸಭಾಪಾಲಕರ ಪತ್ರ ತಂದರೆ ಸಾಕು. ಆರಾಧನೆ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ, ಹಾಗಾಗಿ ರಾತ್ರಿಯ ಕುಟುಂಬ ಪ್ರಾರ್ಥನೆಯಲ್ಲಿ ಮಗನ ಕೈಗೆ ಕನ್ನಡ ಬೈಬಲನ್ನೇ ಕೊಡಿ.

ಮದುವೆಯಾಗಿ ಇಲ್ಲಿಗೆ ಬಂದಾಗ ನನ್ನನ್ನು ಭಾಷೆಗಿಂತ ಹೆಚ್ಚು ಕಂಗೆಡಿಸಿದ್ದು ಒಂಟಿತನ. ಊರಲ್ಲಿ ಭಾನುವಾರದ ಗಂಟೆ ಬಾರಿಸಿದರೆ ನಮ್ಮವರೇ ತುಂಬಿದ್ದ ಇಡೀ ಮಿಶನ್ ಕಂಪೌಂಡೇ ಎದ್ದು ದೇವಾಲಯಕ್ಕೆ ಹೊರಡುತ್ತಿತ್ತು. ಕ್ರೈಸ್ತಳಾಗಿರಲು ನನಗೆ ಧೈರ್ಯ ಬೇಕೇ ಇರಲಿಲ್ಲ, ಕಂಪೌಂಡೇ ಕಾಯುತ್ತಿತ್ತು. ಇಲ್ಲಿ ಇಡೀ ಚಾಳಿಗೆ ನಾವೊಂದೇ ಮನೆ. ದೊಡ್ಡವಳಾದ ನನಗೇ ಹಾಗಾಗಿರುವಾಗ ತುಂಬಿದ ಕ್ಲಾಸಿನಲ್ಲಿ ಒಬ್ಬನೇ ಕೂರುವ ಹುಡುಗನ ಪಾಡೇನು? ಅವನನ್ನು ಹೇಡಿ ಎನ್ನಬೇಡಿ. ಡಬ್ಬಿಯ ಮುಂದೆ ಕಣ್ಣು ಮುಚ್ಚಲೇಬೇಕೆಂಬ ಹಟವೂ ಬೇಡ.

ಗಣಪತಿ ಹಬ್ಬ ಈ ಊರಿನ ಉಸಿರು. ಲೋಕಮಾನ್ಯ ತಿಲಕರು 1893ರಲ್ಲಿ ಅದನ್ನು ಬೀದಿಗೆ ತಂದದ್ದು ಇಲ್ಲೇ. ಪಕ್ಕದ ಮನೆಯವರು ಪ್ರೀತಿಯಿಂದ ಮೋದಕ ತರುತ್ತಾರೆ. ನಮ್ಮವರಲ್ಲಿ ತಿನ್ನುವ ಮನೆಗಳೂ ಇವೆ, ತಿನ್ನದ ಮನೆಗಳೂ ಇವೆ. ವಿಗ್ರಹಕ್ಕೆ ಅರ್ಪಿಸಿದ ಆಹಾರದ ಬಗ್ಗೆ ಬೈಬಲಿನಲ್ಲಿ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 8 ಮತ್ತು 10ನೇ ಅಧ್ಯಾಯಗಳನ್ನು ಮಗನ ಜೊತೆ ಕೂತು ಓದಿ, ನಿನಗೇನು ಅನ್ನಿಸುತ್ತದೆ ಎಂದು ಕೇಳಿ. ಬೇಡ ಎನ್ನುವುದಾದರೆ ಅವನೇ ನಗುಮುಖದಿಂದ ಹೇಳಲಿ, ಹೇಳಿ ಅವರ ಕುರ್ಚಿ ಜೋಡಿಸುವ ಕೆಲಸಕ್ಕೆ ಕೈಹಾಕಲಿ. ಅವರ ದೇವರನ್ನು ಹಳಿದು ತೋರಿಸುವ ಧೈರ್ಯ ನಮ್ಮ ಮಕ್ಕಳಿಗೆ ಬೇಡವೇ ಬೇಡ.

ಒಂದು ಶನಿವಾರ ಅವನನ್ನು ಪುಣೆ ಹತ್ತಿರದ ಕೇಡಗಾಂವ್‌ಗೆ ಕರೆದುಕೊಂಡು ಹೋಗಿ. ಗದಗಿನಿಂದ ಬಂದ ನಿಮ್ಮ ರೈಲು ಆ ಸ್ಟೇಷನ್ ದಾಟಿಯೇ ಬಂದದ್ದು. ಪಂಡಿತಾ ರಮಾಬಾಯಿ ಅನಾಥ ಹೆಣ್ಣುಮಕ್ಕಳಿಗೆ ಕಟ್ಟಿದ ಮುಕ್ತಿ ಮಿಶನ್ ಅಲ್ಲಿದೆ. 1858ರಲ್ಲಿ ಅವರು ಹುಟ್ಟಿದ್ದು ನಮ್ಮ ಕರ್ನಾಟಕದ ಘಟ್ಟದ ಕಾಡಿನಲ್ಲಿ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರೂ, ಅಲ್ಲಿಯ ಕ್ರೈಸ್ತ ಮಠದ ಸಿಸ್ಟರುಗಳು ಹೇಳಿದ್ದನ್ನೆಲ್ಲ ಅವರು ತಲೆಬಾಗಿಸಿ ಒಪ್ಪಲಿಲ್ಲ. ಪ್ರಶ್ನೆ ಕೇಳಿ ಪತ್ರ ಬರೆದರು. 1897ರ ಪ್ಲೇಗಿನಲ್ಲಿ ಪುಣೆಯ ಅಧಿಕಾರಿಗಳು ಹೆಂಗಸರನ್ನು ನಡೆಸಿಕೊಂಡ ರೀತಿಯನ್ನು ಪತ್ರಿಕೆಯಲ್ಲಿ ಖಂಡಿಸಿದರು. ಆಳುತ್ತಿದ್ದವರು ಕ್ರೈಸ್ತರು ಎಂದು ಬಾಯಿ ಮುಚ್ಚಿಕೊಳ್ಳಲಿಲ್ಲ. ನಮ್ಮ ಮಣ್ಣಿನ ಹೆಣ್ಣುಮಗಳು ಎಂದು ಹೇಳಿಕೊಳ್ಳಲು ನನಗೆ ಎಷ್ಟು ಹೆಮ್ಮೆ!

ಈಗ ನನ್ನ ಮಗಳ ಮಾತು. ಹನ್ನೊಂದನೇ ಕ್ಲಾಸಿನಲ್ಲಿ ಲೋಲಕದ ಪ್ರಯೋಗ ಮಾಡಿ, ಗುರುತ್ವದ ಲೆಕ್ಕ 9.3 ಬಂತೆಂದು ಜರ್ನಲಿನಲ್ಲಿ ಹಾಗೆಯೇ ಬರೆದಳು. ಉಳಿದವರು ಹಿಂದಿನ ವರ್ಷದ ಜರ್ನಲ್ ನೋಡಿ ಪುಸ್ತಕದಲ್ಲಿರುವ 9.8 ಬರುವಂತೆ ರೀಡಿಂಗ್ ನಕಲು ಮಾಡಿಕೊಂಡಿದ್ದರು. "ಸರಿಮಾಡಿ ತಾ" ಎಂದು ಇವಳದ್ದು ವಾಪಸು ಬಂತು. ಬಿಡುವಿನಲ್ಲಿ ಮತ್ತೆ ಮಾಡಿದಳು, 9.5 ಬಂತು, ಅದನ್ನೇ ಬರೆದಳು. ಮಾರ್ಕು ಕಡಿದರು. ಎಲ್ಲರಂತೆ ಬರೆದಿದ್ದರೆ ಏನಾಗುತ್ತಿತ್ತು ಎಂದು ನಮ್ಮ ನೆಂಟರೇ ಅಂದದ್ದು ಅವಳಿಗೆ ಇನ್ನೂ ನೋವಾಯಿತು. ರಾತ್ರಿ ಅಳುತ್ತಾ ಕೇಳಿದಳು: "ಅಮ್ಮಾ, ಬೈಬಲಿನಲ್ಲಿ ಅರಸನ ಊಟ ಬೇಡ ಎಂದ ದಾನಿಯೇಲನಿಗೆ ಹತ್ತೇ ದಿನದಲ್ಲಿ ಮುಖ ಕಳೆಗೂಡಿತಲ್ಲ, ನನಗ್ಯಾಕೆ ಮಾರ್ಕು ಹೋಯ್ತು?"

ಸಂಡೆ ಸ್ಕೂಲಿನಲ್ಲಿ ಗೆದ್ದ ಕಥೆಗಳನ್ನಷ್ಟೇ ಹೇಳಿ ಮಕ್ಕಳನ್ನು ಕಳಿಸಿಬಿಡುತ್ತೇವೆ, ತಂಗಿ. ಅರಸನ ವಿಗ್ರಹಕ್ಕೆ ಅಡ್ಡಬೀಳದೆ ಬೆಂಕಿಯ ಮುಂದೆ ನಿಂತ ದಾನಿಯೇಲನ ಆ ಮೂವರು ಗೆಳೆಯರು, ದೇವರು ಬಿಡಿಸದೆ ಹೋದರೂ ಅಡ್ಡಬೀಳುವುದಿಲ್ಲ ಎಂದದ್ದನ್ನು ಆ ರಾತ್ರಿ ಅವಳ ಪಕ್ಕದಲ್ಲಿ ಕೂತು ಓದಿದೆ. ಅವಳಪ್ಪ ಆ ಜರ್ನಲನ್ನು ಮನೆಗೆ ಬಂದ ಸಭಾಪಾಲಕರಿಗೆ ತೆಗೆದು ತೋರಿಸಿದರು. ನಷ್ಟವಾದ ದಿನ ಮನೆಯವರು ಬೆನ್ನಿಗೆ ನಿಂತರೆ ಮಾತ್ರ ಮಗು ಇನ್ನೊಮ್ಮೆ ನಿಜ ಹೇಳುತ್ತದೆ. ಇದನ್ನು ಕಲಿಯಲು ನಮಗೆ ಅವಳ ಕಣ್ಣೀರೇ ಬೇಕಾಯಿತು.

ನಿಮ್ಮ ಪತ್ರದಲ್ಲಿ ಒಂದು ಸಾಲು ಬರೆದು ಮುಂದೆ ಹೋಗಿದ್ದೀರಿ: ಕ್ರೈಸ್ತರೆಂದು ಮಾಲೀಕರಿಗೆ ಹೇಳಬೇಡಿ ಎಂದು ಬ್ರೋಕರ್ ಹೇಳಿದ, ನೀವು ಹೇಳಲಿಲ್ಲ. ಆಗ ಮಗ ಪಕ್ಕದಲ್ಲೇ ಇದ್ದನಂತೆ. ಪರ ಊರು, ತಲೆಯ ಮೇಲೊಂದು ಸೂರು ಬೇಕಿತ್ತು, ನನಗೆ ಅರ್ಥವಾಗುತ್ತದೆ. ಆದರೆ ಅವನು ಡಬ್ಬಿಯ ಮುಂದೆ ಮಾಡುತ್ತಿರುವುದೂ ಅದನ್ನೇ. ಮಾಲೀಕರ ಮನೆಗೆ ಹೋಗಿ ನಿಜ ಹೇಳಿ, ಮಗನನ್ನೂ ಜೊತೆಗೆ ಕರೆದುಕೊಂಡು ಹೋಗಿ. ಬಹುಶಃ ಏನೂ ಆಗುವುದಿಲ್ಲ. ಮನೆ ಬಿಡಿ ಎಂದರೆ ನನಗೆ ಫೋನ್ ಮಾಡಿ. ನಮ್ಮ ಹೊರಗಿನ ಕೋಣೆ ಖಾಲಿ ಇದೆ, ಬೇರೆ ಮನೆ ಸಿಗುವ ತನಕ ಎಲ್ಲರೂ ಅಲ್ಲೇ ಇರಬಹುದು.