ಕಿವಿಗೆ ಕೂರದಿದ್ದರೆ ಹನ್ನೆರಡು ಡ್ರೈವರ್ ಇದ್ದೂ ದಂಡ: ಇಯರ್‌ಫೋನ್ ಪ್ರಶ್ನೋತ್ತರ

ಈ ಸಂಚಿಕೆಯ ಅಂಕಣ ಪೂರ್ತಿಯಾಗಿ ಕಿವಿನಾಳದೊಳಗೆ ಕೂರುವ, ತಂತಿಯಿರುವ ಮೇಲ್ದರ್ಜೆಯ ಇಯರ್‌ಫೋನ್‌ಗಳಿಗೆ ಮೀಸಲು. ಡ್ರೈವರ್ ಎಂದರೆ ಅವುಗಳೊಳಗೆ ದನಿ ಹೊರಡಿಸುವ ಘಟಕ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇವೆ.

ಪ್ರಶ್ನೆ: ಎರಡು ಮಾಡೆಲ್‌ಗಳ ನಡುವೆ ತೂಗುತ್ತಿದ್ದೇನೆ. ಒಂದರಲ್ಲಿ ಇರುವುದು ಒಂದೇ ಡೈನಾಮಿಕ್ ಡ್ರೈವರ್. ಇನ್ನೊಂದರಲ್ಲಿ ಹನ್ನೆರಡು ಬ್ಯಾಲೆನ್ಸ್ಡ್ ಆರ್ಮೇಚರ್‌ಗಳು. ಡ್ರೈವರ್ ಹೆಚ್ಚಿದ್ದಷ್ಟೂ ಒಳ್ಳೆಯದಲ್ಲವೇ?

ಉತ್ತರ: ಅಲ್ಲ. ಡ್ರೈವರ್ ಲೆಕ್ಕ ಪೆಟ್ಟಿಗೆಯ ಮೇಲೆ ಅಚ್ಚು ಹಾಕಲು ಸುಲಭವಾದ ಸಂಖ್ಯೆ, ಅಷ್ಟೇ. ಸೆನ್‌ಹೈಸರ್ ಐಇ 900ರಲ್ಲಿ ಪ್ರತಿ ಕಿವಿಗೆ 7 ಮಿಲಿಮೀಟರಿನ ಒಂದೇ ಡೈನಾಮಿಕ್ ಡ್ರೈವರ್ ಇದೆ. 64 ಆಡಿಯೊ ಯು12ಟಿಯಲ್ಲಿ ಹನ್ನೆರಡು ಆರ್ಮೇಚರ್‌ಗಳಿವೆ. ಎರಡೂ ಮೇಲ್ದರ್ಜೆಯವೇ. 1991ರಲ್ಲಿ ಬಂದ ಎಟಿಮೋಟಿಕ್ ಇಆರ್-4ರಲ್ಲಿ ಇದ್ದದ್ದು ಒಂದೇ ಒಂದು ಆರ್ಮೇಚರ್, ಆದರೂ ಅದು ದಶಕಗಳ ಕಾಲ ಅಳತೆಗೋಲಾಗಿ ಉಳಿಯಿತು.

ಡೈನಾಮಿಕ್ ಡ್ರೈವರ್ ಎಂದರೆ ಪುಟ್ಟ ಸ್ಪೀಕರ್: ಅಯಸ್ಕಾಂತದ ನಡುವೆ ಸುರುಳಿ, ಸುರುಳಿಗೆ ಅಂಟಿದ ಪೊರೆ. ಸರಾಗವಾಗಿ ಗಾಳಿ ತಳ್ಳುವುದರಿಂದ ಇದರ ಬಾಸ್ ಕೇಳುವುದಷ್ಟೇ ಅಲ್ಲ, ತಾಕುತ್ತದೆ. ಆದರೆ ಪೊರೆಗೆ ಉಸಿರಾಡಲು ಗಾಳಿಕಿಂಡಿ ಬೇಕು, ಆ ಕಿಂಡಿಯಿಂದಲೇ ಹೊರಗಿನ ಸದ್ದೂ ಸ್ವಲ್ಪ ನುಸುಳುತ್ತದೆ. ಬ್ಯಾಲೆನ್ಸ್ಡ್ ಆರ್ಮೇಚರ್ ಶ್ರವಣಸಾಧನಗಳಲ್ಲಿ ಬಹುಕಾಲದಿಂದ ಇರುವಂಥದ್ದು: ಅಯಸ್ಕಾಂತಗಳ ನಡುವೆ ಒಂದು ಲೋಹದ ನಾಲಗೆ ಕಂಪಿಸಿ, ಸಣ್ಣ ಕಡ್ಡಿಯ ಮೂಲಕ ಪೊರೆಯನ್ನು ಅಲುಗಿಸುತ್ತದೆ. ಗಾತ್ರ ಚಿಕ್ಕದು, ಕಡಿಮೆ ವಿದ್ಯುತ್ತಿನಲ್ಲೇ ಜೋರು ದನಿ. ಒಂದೇ ಆರ್ಮೇಚರಿನಿಂದ ಇಡೀ ಶ್ರುತಿವ್ಯಾಪ್ತಿಯನ್ನು ಸಮನಾಗಿ ಹೊರಡಿಸುವುದು ಕಷ್ಟ, ಆದ್ದರಿಂದ ಕೆಲಸ ಹಂಚುತ್ತಾರೆ. ಹಂಚಿದೊಡನೆ ಸ್ವರಗಳನ್ನು ಡ್ರೈವರ್‌ಗಳಿಗೆ ವಿಂಗಡಿಸುವ ಕ್ರಾಸ್‌ಓವರ್ ಬರುತ್ತದೆ, ಹೊಲಿಗೆ ಬರುತ್ತದೆ. ಹೊಲಿಗೆ ಚೆನ್ನಾಗಿಲ್ಲದಿದ್ದರೆ ಗಾಯಕರ ದನಿ ಮೇಲಿನ ಸ್ಥಾಯಿಗೆ ಏರುವಾಗ ಬೇರೆ ಯಾರೋ ಹಾಡಿದಂತಾಗುತ್ತದೆ. ಪರೀಕ್ಷಿಸಲು ಮಂದ್ರದಿಂದ ತಾರಕ್ಕೆ ನಿಧಾನವಾಗಿ ಸಾಗುವ ಆಲಾಪನೆಯೊಂದು ಸಾಕು.

ಚಪ್ಪಟೆ ಪೊರೆಯ ಮೇಲೆಯೇ ವಾಹಕ ಗೆರೆಗಳಿರುವ ಪ್ಲೇನಾರ್ ಬಗೆಯವು ವಿವರಕ್ಕೆ ಹೆಸರುವಾಸಿ, ಜೊತೆಗೆ ಸಾಮಾನ್ಯವಾಗಿ ಹೆಚ್ಚು ಕರೆಂಟ್ ಕೇಳುತ್ತವೆ. ಸ್ಥಾಯೀವಿದ್ಯುತ್ ಟ್ವೀಟರ್‌ಗಳು ತೀರಾ ಮೇಲಿನ ಭಾಗವನ್ನು ಮಾತ್ರ ನೋಡಿಕೊಳ್ಳುತ್ತವೆ. ಬಗೆ ಯಾವುದಾದರೂ ಇರಲಿ, ಕೊನೆಗೆ ಕೇಳಿಸುವುದು ತಯಾರಕರು ಕೂರಿಸಿದ ಶ್ರುತಿ, ಅಂದರೆ ಕೆಳಗಿನ–ಮೇಲಿನ ಸ್ವರಗಳ ಹದ.

ಪ್ರಶ್ನೆ: ಎಲ್ಲರೂ ಹೊಗಳಿದ ಇಯರ್‌ಫೋನ್ ಕೊಂಡೆ. ಬಾಸ್ ಇಲ್ಲವೇ ಇಲ್ಲ, ದನಿ ತಗಡಿನಂತಿದೆ. ಬಲಗಿವಿಯಲ್ಲಿ ತುಸು ವಾಸಿ. ಪೀಸೇ ಕೆಟ್ಟಿದೆಯೇ?

ಉತ್ತರ: ಹತ್ತಕ್ಕೆ ಒಂಬತ್ತು ಪಾಲು ಕೆಟ್ಟಿಲ್ಲ, ಸೋರುತ್ತಿದೆ. ಕಿವಿನಾಳ ಮತ್ತು ಟಿಪ್ (ಇಯರ್‌ಫೋನಿನ ಮೆತ್ತನೆಯ ತುದಿ) ಸೇರಿ ಮುಚ್ಚಿದ ಪುಟ್ಟ ಕೋಣೆಯಾದಾಗ ಮಾತ್ರ ಅಷ್ಟು ಚಿಕ್ಕ ಡ್ರೈವರ್ ಬಾಸ್ ಕೊಡಬಲ್ಲದು. ಕೂದಲೆಳೆಯಷ್ಟು ಸಂದಿಯಿದ್ದರೂ ಕೆಳಗಿನ ಸ್ವರಗಳ ಒತ್ತಡ ಅಲ್ಲಿಂದ ಹೊರಹೋಗುತ್ತದೆ, ಮೇಲಿನವು ಉಳಿಯುತ್ತವೆ. ತಗಡಿನ ದನಿಗೆ ಅದೇ ಕಾರಣ.

ಹೀಗೆ ಪರೀಕ್ಷಿಸಿ. 50 ಹರ್ಟ್ಸ್‌ನ ಸ್ಥಿರ ಸ್ವರವೊಂದನ್ನು ಮೆಲ್ಲನೆ ಹಾಕಿ, ಇಯರ್‌ಫೋನನ್ನು ಬೆರಳಿನಿಂದ ಹಗುರವಾಗಿ ಒಳಕ್ಕೆ ಒತ್ತಿ. ಗುಂಯ್‌ಗುಡುವಿಕೆ ಒಮ್ಮೆಲೇ ದಪ್ಪವಾಯಿತೆಂದರೆ ಅಲ್ಲಿ ಸೋರಿಕೆ ಇತ್ತು ಎಂದರ್ಥ. ಒಂದೊಂದೇ ಕಿವಿಗೆ ಮಾಡಿ. ಎರಡು ಕಿವಿಗಳ ನಾಳ ಒಂದೇ ಅಳತೆಯದಾಗಿರಬೇಕೆಂದಿಲ್ಲ. ಎಡಕ್ಕೆ ದೊಡ್ಡ ಟಿಪ್, ಬಲಕ್ಕೆ ಮಧ್ಯಮ ಟಿಪ್ ಹಾಕಿಕೊಳ್ಳುವವರು ಬಹಳ ಮಂದಿ.

ಹಾಕುವ ಕ್ರಮವೂ ಮುಖ್ಯ. ಎದುರು ಕೈಯಿಂದ ತಲೆಯ ಹಿಂಬದಿಗೆ ಹಾದು ಕಿವಿಯ ಮೇಲ್ತುದಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ, ಆಗ ಬಾಗಿದ ನಾಳ ನೇರವಾಗುತ್ತದೆ. ಇಯರ್‌ಫೋನನ್ನು ಸ್ವಲ್ಪ ತಿರುಗಿಸುತ್ತಾ ಒಳಕ್ಕೆ ಸರಿಸಿ, ಆಮೇಲೆ ಕಿವಿ ಬಿಡಿ. ಫೋಮ್ ಟಿಪ್ ಆದರೆ ಬೆರಳುಗಳ ನಡುವೆ ಹೊಸೆದು ತೆಳುವಾಗಿಸಿ ಒಳಗಿಟ್ಟು, ಅದು ಅರಳುವವರೆಗೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಹಾಕುವಾಗ ಪೊರೆ ಮಡಚಿದಂತೆ ಚಟ್ ಎಂಬ ಸದ್ದು ಬಂದರೆ ಗಾಳಿ ಒತ್ತಡದಿಂದ ಡ್ರೈವರ್ ಬಾಗುತ್ತಿದೆ; ನಿಧಾನವಾಗಿ, ಕಿವಿ ಎಳೆದು ಹಿಡಿದೇ ಹಾಕಿ.

ಟಿಪ್ ಬದಲಾದರೆ ಶ್ರುತಿಯೂ ಬದಲಾಗುತ್ತದೆ. ಫೋಮ್ ಮೇಲಿನ ಸ್ವರಗಳನ್ನು ತುಸು ಹೀರಿಕೊಂಡು ಚುಚ್ಚುವ ದನಿಯನ್ನು ಮೃದುವಾಗಿಸುತ್ತದೆ. ಕೆಲ ತಿಂಗಳಲ್ಲಿ ಗಟ್ಟಿಯಾಗುತ್ತದೆ, ಆಗ ಎಸೆಯಬೇಕು. ಅಗಲ ಬಾಯಿಯ ಸಿಲಿಕೋನ್ ಟಿಪ್ ಸಾಮಾನ್ಯವಾಗಿ ಮೇಲ್ಭಾಗವನ್ನು ತೆರೆದಿಡುತ್ತದೆ, ಕಿರಿದಾದದ್ದು ಸ್ವಲ್ಪ ಮುಚ್ಚುತ್ತದೆ. ಆದರೆ ಕಿವಿ ಹಳ್ಳದಲ್ಲಿ ನೋವಾಗುತ್ತಿದ್ದರೆ ಅದು ಟಿಪ್‌ನ ತಪ್ಪಲ್ಲ, ಶೆಲ್‌ನದು, ಅಂದರೆ ಹೊರಕವಚದ್ದು. ಅದು ದಿನ ಕಳೆದಂತೆ ಸರಿಹೋಗುವುದಿಲ್ಲ. ಕೊಳ್ಳುವ ಮುಂಚೆ ಒಂದು ಗಂಟೆಯಾದರೂ ಹಾಕಿಕೊಂಡು ನೋಡಿ ಎಂದು ಒತ್ತಿ ಹೇಳುವುದು ಇದಕ್ಕೇ.

ಪ್ರಶ್ನೆ: ನನ್ನ ಆರ್ಮೇಚರ್ ಇಯರ್‌ಫೋನ್ ಒಂದು ಪ್ಲೇಯರ್‌ನಲ್ಲಿ ಸೊಗಸಾಗಿದೆ. ಅದನ್ನೇ ದೊಡ್ಡ ಆಂಪ್‌ಗೆ (ಆಂಪ್ಲಿಫೈಯರ್‌ಗೆ) ಸಿಕ್ಕಿಸಿದರೆ ಬಾಸ್ ಬೇರೆಯಾಗಿ ಕೇಳುತ್ತದೆ, ಹಾಡು ನಿಂತಾಗ ಹಿನ್ನೆಲೆಯಲ್ಲಿ ಸುಸ್ಸೆನ್ನುತ್ತದೆ. ಶಕ್ತಿ ಹೆಚ್ಚಿದ್ದರೆ ಒಳ್ಳೆಯದಲ್ಲವೇ?

ಉತ್ತರ: ಎರಡು ಬೇರೆ ಬೇರೆ ಸಮಸ್ಯೆಗಳು ಒಟ್ಟಿಗೆ ಬಂದಿವೆ.

ಮೊದಲನೆಯದು ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಆಂಪ್‌ನ ಒಳಗಿನ ವಿದ್ಯುತ್ ತಡೆ. ಹಲವು ಆರ್ಮೇಚರ್‌ಗಳಿರುವ ಇಯರ್‌ಫೋನಿನ ಇಂಪೀಡೆನ್ಸ್ ಎಲ್ಲ ಸ್ವರಗಳಲ್ಲೂ ಒಂದೇ ಅಲ್ಲ. ಉದಾಹರಣೆಗೆ ಒಂದೆಡೆ 8 ಓಮ್, ಇನ್ನೊಂದೆಡೆ 40 ಓಮ್ ಇದೆ ಎನ್ನಿ. ಆಂಪ್‌ನದು 10 ಓಮ್ ಆದರೆ 8 ಓಮ್ ಇರುವ ಕಡೆ ಸುಮಾರು 7 ಡೆಸಿಬೆಲ್ ಕುಸಿಯುತ್ತದೆ, 40 ಓಮ್ ಇರುವ ಕಡೆ ಸುಮಾರು 2 ಮಾತ್ರ. ಅಂದರೆ ತಯಾರಕರು ಕೂರಿಸಿದ ಶ್ರುತಿ 5 ಡೆಸಿಬೆಲ್ ವಾಲಿತು. ಅದೇ ಆಂಪ್ 1 ಓಮ್ ಇದ್ದರೆ ವಾಲುವುದು 1 ಡೆಸಿಬೆಲ್‌ಗಿಂತ ಕಡಿಮೆ. ಆಂಪ್‌ನ ಇಂಪೀಡೆನ್ಸ್ ಇಯರ್‌ಫೋನಿನದರ ಎಂಟನೇ ಒಂದು ಭಾಗವನ್ನು ಮೀರಬಾರದು ಎಂಬ ರೂಢಿಯ ಲೆಕ್ಕ ಇಲ್ಲಿಂದಲೇ ಬಂದದ್ದು. ಆರ್ಮೇಚರ್‌ಗಳಿಗೆ 1 ಓಮ್‌ಗಿಂತ ಕೆಳಗಿನದನ್ನೇ ಹುಡುಕಿ. ಒಂದೇ ಡೈನಾಮಿಕ್ ಇರುವುದಕ್ಕೂ ಹೆಚ್ಚಿನ ಪ್ಲೇನಾರ್‌ಗಳಿಗೂ ಈ ಚಿಂತೆ ಅಷ್ಟಿಲ್ಲ, ಅವುಗಳ ಇಂಪೀಡೆನ್ಸ್ ಹೆಚ್ಚುಕಡಿಮೆ ಸಮತಟ್ಟು.

ಎರಡನೆಯದು ಸಂವೇದನೆ, ಅಂದರೆ ಇಷ್ಟು ವಿದ್ಯುತ್ತಿಗೆ ಎಷ್ಟು ಜೋರು ದನಿ ಎಂಬುದು. ಇಲ್ಲಿ ಜನ ಎಡವುವುದು ಏಕಮಾನದಲ್ಲಿ. ಕೆಲವರು ಪ್ರತಿ ಮಿಲಿವ್ಯಾಟ್‌ಗೆ ಇಷ್ಟು ಡೆಸಿಬೆಲ್ ಎನ್ನುತ್ತಾರೆ, ಕೆಲವರು ಪ್ರತಿ ವೋಲ್ಟ್‌ಗೆ. 16 ಓಮ್‌ನದಾದರೆ ಮಿಲಿವ್ಯಾಟ್ ಅಂಕಿಗೆ 18 ಕೂಡಿಸಿದರೆ ವೋಲ್ಟ್ ಅಂಕಿ ಸಿಗುತ್ತದೆ. 32 ಓಮ್‌ಗೆ 15 ಕೂಡಿಸಿ. ಈ ಲೆಕ್ಕ ಮಾಡದೆ ಎರಡು ಮಾಡೆಲ್‌ಗಳನ್ನು ಹೋಲಿಸಿದರೆ ಸೇರಿಗೂ ಮೊಳಕ್ಕೂ ಹೋಲಿಸಿದಂತೆ.

12 ಓಮ್, ಮಿಲಿವ್ಯಾಟ್‌ಗೆ 110 ಡೆಸಿಬೆಲ್ ಇರುವುದನ್ನು ತೆಗೆದುಕೊಳ್ಳಿ: ವೋಲ್ಟ್‌ಗೆ ಸುಮಾರು 129 ಆಯಿತು. ಸರಾಸರಿ 75 ಡೆಸಿಬೆಲ್‌ನಲ್ಲಿ ಕೇಳುತ್ತಾ, ಶಿಖರಗಳಿಗೆ ಇನ್ನೂ 20 ಬಿಟ್ಟುಕೊಂಡರೂ ಬೇಕಾಗುವುದು 0.02 ವೋಲ್ಟ್! ಫೋನಿಗೆ ಸಿಕ್ಕಿಸುವ ಸಾಧಾರಣ ಡಾಂಗಲ್ ಕೊಡುವ 1 ವೋಲ್ಟ್‌ನಲ್ಲಿ ಐವತ್ತನೇ ಒಂದು ಭಾಗ. ಅದೇ ಇಯರ್‌ಫೋನಿಗೆ ಆಂಪ್‌ನ 5 ಮೈಕ್ರೋವೋಲ್ಟ್ ಗದ್ದಲವೂ 23 ಡೆಸಿಬೆಲ್ ಆಗಿ ಕೇಳುತ್ತದೆ. ಅದೇ ನಿಮ್ಮ ಸುಸ್ಸು. 1 ಮೈಕ್ರೋವೋಲ್ಟ್‌ನದಾದರೆ 9 ಡೆಸಿಬೆಲ್, ಅಂದರೆ ನಿಶ್ಶಬ್ದ. ಆದ್ದರಿಂದ ನಿಮಗೆ ಬೇಕಾದ್ದು ಬಲಶಾಲಿ ಆಂಪ್ ಅಲ್ಲ, ಮೌನಿ ಆಂಪ್. ಗೇನ್ (ವರ್ಧನೆಯ ಮಟ್ಟ) ಸ್ವಿಚ್ ಇದ್ದರೆ ಕೆಳಗಿನದಕ್ಕೇ ಇಡಿ. ತಂತಿಯಲ್ಲಿ ಸರಣಿ ರೆಸಿಸ್ಟರ್ ಇರುವ ಅಡಾಪ್ಟರ್ ಹಾಕಿದರೆ ಸುಸ್ಸು ಹೋಗುತ್ತದೆ, ನಿಜ. ಮೊದಲನೆಯ ಸಮಸ್ಯೆ ಮಾತ್ರ ದುಪ್ಪಟ್ಟಾಗಿ ಮರಳುತ್ತದೆ.

ಪ್ರಶ್ನೆ: ಅಳತೆಯ ಗ್ರಾಫ್ ನೋಡಿದೆ. 3 ಕಿಲೋಹರ್ಟ್ಸ್ ಹತ್ತಿರ ದೊಡ್ಡ ಗುಡ್ಡವಿದೆ. ಇದು ದೋಷವೇ? ಪೆಟ್ಟಿಗೆಯ ಮೇಲೆ 5ರಿಂದ 40,000 ಹರ್ಟ್ಸ್ ಎಂದಿದೆ.

ಉತ್ತರ: ಗುಡ್ಡ ಇಲ್ಲದಿದ್ದರೆ ದೋಷ. ತೆರೆದ ಕಿವಿ 3 ಕಿಲೋಹರ್ಟ್ಸ್ ಆಸುಪಾಸಿನ ಸ್ವರಗಳನ್ನು ತಾನಾಗಿ ಹಿಗ್ಗಿಸುತ್ತದೆ, ನಾಳಕ್ಕೆ ಬಿರಡೆ ಹಾಕಿದಾಗ ಆ ಅನುರಣನ ಮುರಿಯುತ್ತದೆ. ಕಳೆದದ್ದನ್ನು ಇಯರ್‌ಫೋನ್ ತಾನೇ ತುಂಬಿಕೊಡಬೇಕು. ಬಹಳ ಮಂದಿ ಹೋಲಿಕೆಗೆ ಬಳಸುವ 2019ರ ಹಾರ್ಮನ್ ಗುರಿರೇಖೆಯಲ್ಲೂ ಆ ಗುಡ್ಡವಿದೆ. ಆದರೆ ಅದು ಬಹುಜನರ ಒಲವಿನ ರೇಖೆ. ಅದರ ಬಾಸ್ ನಿಮಗೆ ಅತಿ ಎನ್ನಿಸಿದರೆ ಕಿವಿಯನ್ನು ತಪ್ಪೆನ್ನಬೇಡಿ.

ಗ್ರಾಫ್‌ನ ಬಲತುದಿಯನ್ನು ನಂಬಿ ದುಡ್ಡು ಕೊಡಬೇಡಿ. ಹೆಚ್ಚಿನ ಅಳತೆಗಳು ಐಇಸಿ 60318-4 ಎಂಬ ಕೃತಕ ಕಿವಿಯಲ್ಲಿ ಆದವು. 8 ಕಿಲೋಹರ್ಟ್ಸ್ ಸುತ್ತ ಕಾಣುವ ಚೂಪು ಶಿಖರ ಬಹುಪಾಲು ಟಿಪ್ ಎಷ್ಟು ಆಳಕ್ಕೆ ಹೋಗಿದೆ ಎಂಬುದರ ಫಲ. ನಿಮ್ಮ ಕಿವಿಯಲ್ಲಿ ಅದು ಇನ್ನೆಲ್ಲೋ ಇರುತ್ತದೆ. ಕಂಡುಹಿಡಿಯಲು 5ರಿಂದ 12 ಕಿಲೋಹರ್ಟ್ಸ್‌ವರೆಗೆ ನಿಧಾನವಾಗಿ ಏರುವ ಸ್ವರವನ್ನು ತೀರಾ ಸಣ್ಣ ದನಿಯಲ್ಲಿ ಕೇಳಿ. ಒಮ್ಮೆಲೇ ಚುಚ್ಚಿದ ಜಾಗವನ್ನು ಗುರುತಿಸಿ ಈಕ್ವಲೈಸರ್‌ನಲ್ಲಿ 3–4 ಡೆಸಿಬೆಲ್ ತಗ್ಗಿಸಿ. ಎಲ್ಲಾದರೂ ಏರಿಸಿದರೆ, ಅಷ್ಟೇ ಡೆಸಿಬೆಲ್ ಪ್ರೀಆಂಪ್ (ಈಕ್ವಲೈಸರ್‌ನ ಒಟ್ಟು ಮಟ್ಟ) ಇಳಿಸಲೇಬೇಕು, ಇಲ್ಲವಾದರೆ ಜೋರಾದ ಕಡೆ ದನಿ ಒಡೆಯುತ್ತದೆ. ಇನ್ನು 40,000 ಹರ್ಟ್ಸ್: ಎಷ್ಟು ಡೆಸಿಬೆಲ್ ಏರಿಳಿತದೊಳಗೆ ಎಂದು ಹೇಳದ ಶ್ರುತಿವ್ಯಾಪ್ತಿಗೆ ಅರ್ಥವಿಲ್ಲ.

ಪ್ರಶ್ನೆ: 4.4 ಮಿಲಿಮೀಟರಿನ ಬ್ಯಾಲೆನ್ಸ್ಡ್ ಕೇಬಲ್, ಅದೂ ಬೆಳ್ಳಿಯದು, ಬೇಕೇ?

ಉತ್ತರ: ಎಡ–ಬಲಕ್ಕೆ ಬೇರೆ ಬೇರೆ ಜೋಡಿ ತಂತಿ ಇರುವ ಬ್ಯಾಲೆನ್ಸ್ಡ್ ಔಟ್‌ಪುಟ್‌ನ ಮುಖ್ಯ ಲಾಭ ಹೆಚ್ಚು ವೋಲ್ಟೇಜ್. ಮೇಲಿನ ಲೆಕ್ಕ ನೋಡಿದರೆ ಸಂವೇದನೆ ಹೆಚ್ಚಿರುವ ಇಯರ್‌ಫೋನಿಗೆ ಅದು ಬೇಡ. ಹಲವು ಸಾಧನಗಳಲ್ಲಿ ಆ ಔಟ್‌ಪುಟ್‌ನ ಇಂಪೀಡೆನ್ಸೂ ಗದ್ದಲವೂ ಹೆಚ್ಚೇ ಇರುತ್ತವೆ. ಹಸಿದ ಪ್ಲೇನಾರ್‌ಗೆ ಉಪಯೋಗವಾದೀತು. ಬೆಳ್ಳಿಗೆ ಖರ್ಚು ಮಾಡುವ ಬದಲು ಮೆತ್ತಗಿನ, ಬಟ್ಟೆಗೆ ಉಜ್ಜಿದರೆ ಸದ್ದು ಕಿವಿಗೆ ಏರದ ಕೇಬಲ್ ಆರಿಸಿ. ಜೋಡಣೆಯ ಬಗೆ ಮೊದಲೇ ನೋಡಿಕೊಳ್ಳಿ: 0.78 ಮಿಲಿಮೀಟರಿನ ಎರಡು ಪಿನ್ನಿನದನ್ನು ಓರೆಯಾಗಿ ಎಳೆದರೆ ಪಿನ್ ಬಾಗುತ್ತದೆ, ಒತ್ತಿ ಕೂರಿಸುವ ದುಂಡು ಜೋಡಣೆಯಾದ ಎಂಎಂಸಿಎಕ್ಸ್ ಪದೇ ಪದೇ ತಿರುಗಿ ಸಡಿಲವಾಗುತ್ತದೆ. ಹೊಸ ಕೇಬಲ್ ಹಾಕಿದ ಮೇಲೆ ಗಾಯಕರ ದನಿ ತಲೆಯ ನಡುವೆ ನಿಲ್ಲದೆ ಚದುರಿ, ಬಾಸ್ ತೆಳುವಾದರೆ ಒಂದು ಬದಿಯ ಪಿನ್ ತಲೆಕೆಳಗಾಗಿದೆ, ತಿರುಗಿಸಿ ಹಾಕಿ.

ಪ್ರಶ್ನೆ: ಅಂಗಡಿಯಲ್ಲಿ ಹತ್ತು ನಿಮಿಷ ಕೇಳಿ ಹೇಗೆ ನಿರ್ಧರಿಸುವುದು?

ಉತ್ತರ: ಹತ್ತು ನಿಮಿಷದಲ್ಲಿ ಗೆಲ್ಲುವುದು ಯಾವಾಗಲೂ ಜೋರಾಗಿರುವುದೇ. 1 ಡೆಸಿಬೆಲ್ ಹೆಚ್ಚಾದರೂ ಅದನ್ನು ಕಿವಿ ‘ಸ್ಪಷ್ಟ’ ಎಂದುಕೊಳ್ಳುತ್ತದೆ. ಪಿಂಕ್ ನಾಯ್ಸ್ (ಎಲ್ಲ ಸ್ವರಗಳೂ ಬೆರೆತ ಒಂದೇ ಸಮನೆಯ ಸುಸ್ಸು) ಹಾಕಿ ಎರಡರ ದನಿಯನ್ನೂ ಸಮ ಮಾಡಿಕೊಳ್ಳಿ. ಫೋನಿನ ಬಟನ್‌ನ ಹೆಜ್ಜೆಗಳು ದೊಡ್ಡವು, ಆ್ಯಪ್‌ನೊಳಗಿನ ಸಣ್ಣ ಹೆಜ್ಜೆಗಳನ್ನು ಬಳಸಿ. ನಿಮ್ಮದೇ ಟಿಪ್‌ಗಳನ್ನು ಒಯ್ಯಿರಿ. ಕಂಠಪಾಠವಾಗಿರುವ ಮೂರ್ನಾಲ್ಕು ಧ್ವನಿಮುದ್ರಣ ಸಾಕು: ತಂಬೂರಿಯ ಜೊತೆಗಿನ ಒಂಟಿ ದನಿ, ಮೃದಂಗದ ತೊಪ್ಪಿ ಚೆನ್ನಾಗಿ ಮೂಡಿರುವುದೊಂದು, ವಾದ್ಯಗಳು ಕಿಕ್ಕಿರಿದಿರುವುದೊಂದು, ಮುದ್ರಣ ಕಳಪೆಯಾಗಿದ್ದರೂ ನಿಮಗೆ ಪ್ರಿಯವಾದದ್ದೊಂದು. ಕೊನೆಯದನ್ನು ಕೇಳಲಾಗದಂತೆ ಮಾಡುವ ಇಯರ್‌ಫೋನನ್ನು ಮನೆಗೆ ತರಬೇಡಿ.

ಬೀದಿಯ ಗದ್ದಲ ಮೀರಿಸಲು ದನಿ ಏರಿಸುವ ಅಭ್ಯಾಸವಿದ್ದರೆ ಶಬ್ದ ತಡೆಯುವ ಗುಣಕ್ಕೆ ಹೆಚ್ಚು ಅಂಕ ಕೊಡಿ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ 80 ಡೆಸಿಬೆಲ್. ಪ್ರತಿ 3 ಡೆಸಿಬೆಲ್ ಏರಿಕೆಗೆ ಸಮಯ ಅರ್ಧ. 89ಕ್ಕೆ ಹೋದರೆ ಉಳಿಯುವುದು ವಾರಕ್ಕೆ 5 ಗಂಟೆ.

ಪ್ರಶ್ನೆ: ಅಚ್ಚು ತೆಗೆದು ನನ್ನ ಕಿವಿಗೇ ಮಾಡಿಸುವ ಕಸ್ಟಮ್ ಒಳ್ಳೆಯದೇ?

ಉತ್ತರ: ಯಾವ ಟಿಪ್ಪೂ ಹೊಂದದವರಿಗೆ, ವೇದಿಕೆಯ ಮೇಲೆ ಹಾಡುವವರಿಗೆ ಹೌದು. ಅಚ್ಚನ್ನು ಶ್ರವಣತಜ್ಞರ ಬಳಿಯೇ ತೆಗೆಸಿ. ಮೊದಲು ಗುಗ್ಗೆ ಇಲ್ಲವೆಂದು ನೋಡಿಸಿಕೊಳ್ಳಿ. ಅಚ್ಚು ನಾಳದ ಎರಡನೇ ತಿರುವು ದಾಟಿರಬೇಕು. ಹಾಡುವವರು ಬಾಯಿಯಲ್ಲಿ ತುಂಡು ಕಚ್ಚಿಕೊಂಡು, ದವಡೆ ತೆರೆದೇ ತೆಗೆಸಬೇಕು, ಏಕೆಂದರೆ ಬಾಯಿ ತೆರೆದಾಗ ನಾಳದ ಆಕಾರ ಬದಲಾಗಿ ಹಿಡಿತ ಬಿಡುತ್ತದೆ. ಮರುಹೊಂದಿಕೆಗೆ ಎಷ್ಟು ದಿನ ಕೊಡುತ್ತಾರೆಂದು ಕೇಳಿ ತಿಳಿಯಿರಿ. ಬೇಡವಾದಾಗ ಇನ್ನೊಬ್ಬರಿಗೆ ಮಾರಲಾಗದು.

ಪ್ರಶ್ನೆ: ಇನ್ನೂರು ಗಂಟೆ ನುಡಿಸಿ ಪಳಗಿಸಬೇಕೇ?

ಉತ್ತರ: ಬೇಡ. ಪಳಗುವುದು ಹೆಚ್ಚಾಗಿ ಕೇಳುವವರ ಕಿವಿ. ಹಿಂದಿರುಗಿಸುವ ಅವಧಿ ಮುಗಿಯುವವರೆಗೆ ಪಳಗಿಸುತ್ತಾ ಕೂರಬೇಡಿ.

ಪ್ರಶ್ನೆ: ಒಂದೂವರೆ ವರ್ಷದ ಇಯರ್‌ಫೋನ್. ಎಡಗಡೆ ದನಿ ದಿನೇದಿನೇ ಸಣ್ಣದಾಗುತ್ತಿದೆ.

ಉತ್ತರ: ಮೊದಲು ಕೇಬಲ್‌ನ ಎಡ–ಬಲ ಅದಲುಬದಲು ಮಾಡಿ. ಸಣ್ಣ ದನಿ ಬಲಗಡೆಗೆ ಬಂದರೆ ತಪ್ಪು ಕೇಬಲ್‌ನದು ಅಥವಾ ಪ್ಲಗ್‌ನದು. ಅದೇ ಶೆಲ್‌ನಲ್ಲಿ ಉಳಿದರೆ ಟಿಪ್ ತೆಗೆದು ನಾಝಲ್‌ನ (ದನಿ ಹೊರಬರುವ ಕೊಳವೆಯ) ಜಾಲರಿಯನ್ನು ಬೆಳಕಿಗೆ ಹಿಡಿಯಿರಿ. ಗುಗ್ಗೆ ಮೆತ್ತಿದ್ದರೆ ನಾಝಲ್ ಕೆಳಮುಖವಾಗಿ ಹಿಡಿದು ಒಣಗಿದ ಮೃದು ಬ್ರಷ್‌ನಿಂದ ಉಜ್ಜಿ. ಮೇಲ್ಮುಖವಾಗಿ ಉಜ್ಜಿದರೆ ಕೊಳೆ ಒಳಕ್ಕೇ ಬೀಳುತ್ತದೆ. ಸೂಜಿ ಬೇಡ, ಊದುವುದು ಬೇಡ, ಸ್ಪಿರಿಟ್ ಹನಿಸುವುದಂತೂ ಬೇಡವೇ ಬೇಡ. ಜಾಲರಿ ಅಂಟಿಸಿದ ಬಗೆಯದಾದರೆ ತಯಾರಕರು ಕೊಡುವ ಹೊಸದನ್ನೇ ಹಾಕಿ. ಬೇರೆ ಸಾಂದ್ರತೆಯ ಜಾಲರಿ ಶ್ರುತಿಯನ್ನೇ ಬದಲಿಸುತ್ತದೆ. ಜಾಲರಿ ಶುಭ್ರವಿದ್ದೂ ಬೆವರಿನ ದಿನಗಳಲ್ಲಷ್ಟೇ ದನಿ ತಗ್ಗುತ್ತಿದ್ದರೆ ತೇವದ ಕಾರಣ. ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಿದ ಡಬ್ಬಿಯಲ್ಲಿ ಒಂದು ಹಗಲು ಒಂದು ರಾತ್ರಿ ಇಟ್ಟು ಮತ್ತೆ ಕೇಳಿ. ಅದಾದ ಮೇಲೂ ಹಾಗೇ ಇದ್ದರೆ ಶೆಲ್ ಬಿಚ್ಚಲು ಹೋಗದೆ ಸರ್ವೀಸ್‌ಗೆ ಕಳಿಸಿ, ಕೇಬಲ್ ಅದಲುಬದಲು ಮಾಡಿ ನೋಡಿದ್ದನ್ನೂ ಚೀಟಿಯಲ್ಲಿ ಬರೆದಿಡಿ.