ಚಿಪ್ಪಿನ ಡ್ರೈವರ್‌ಗೆ ಬೋರ್ಡಿನ ಉಸಾಬರಿ ಯಾಕೆ?

ಪ್ರಶ್ನೆ: ಗಾಳಿಯ ಒತ್ತಡ, ತಾಪಮಾನ ಅಳೆಯುವ ಬಿಎಂಪಿ280 ಸೆನ್ಸರ್‌ಗೆ ಎಸ್‌ಟಿಎಂ32 ಮೈಕ್ರೋಕಂಟ್ರೋಲರ್ ಮೇಲೆ ಡ್ರೈವರ್ ಬರೆದಿದ್ದೆ, ಚೆನ್ನಾಗಿ ಓಡುತ್ತಿತ್ತು. ಈಗ ಅದೇ ಸೆನ್ಸರ್ ರಾಸ್ಪ್‌ಬೆರಿ ಪೈ ಮೇಲೂ ಬೇಕು. ಈ ಬೋರ್ಡಾದರೆ ಈ ಸಾಲು, ಆ ಬೋರ್ಡಾದರೆ ಆ ಸಾಲು ಎಂದು ಒಂದೊಂದೇ ಇಫ್‌ಡೆಫ್ ಸೇರಿಸುತ್ತಾ ಹೋದೆ, ಈಗ ನನ್ನ ಕೋಡ್ ನನಗೇ ಅರ್ಥವಾಗುತ್ತಿಲ್ಲ. ಬೇರೆ ದಾರಿ ಇದೆಯಾ?

ಉತ್ತರ: ಇದೆ. ಫೈಲ್ ತೆರೆದು ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಕೇಳಿ: ಇದು ಸೆನ್ಸರ್‌ನ ಡೇಟಾಶೀಟ್‌ನಲ್ಲಿ (ತಯಾರಕರು ಕೊಡುವ ವಿವರ ಪುಸ್ತಿಕೆಯಲ್ಲಿ) ಸಿಗುತ್ತಾ? ಚಿಪ್ಪಿನ ಗುರುತು ಸಂಖ್ಯೆ ಇರುವ ಹೆಕ್ಸ್ ಡಿ0 ರಿಜಿಸ್ಟರ್ ಓದಿದರೆ ಹೆಕ್ಸ್ 58 ಬರಬೇಕು ಅನ್ನೋದು ಸಿಗುತ್ತದೆ, ಹಾಗಾಗಿ ಅದು ಡ್ರೈವರ್‌ನಲ್ಲೇ ಇರಲಿ. ಸೆನ್ಸರ್ ಎಷ್ಟನೇ ಐ2ಸಿ ಬಸ್ (ಎರಡು ತಂತಿಯ ಸಂಪರ್ಕ) ಮೇಲಿದೆ, ಯಾವ ಪಿನ್, ಎಸ್‌ಟಿಎಂ32ರ ಲೈಬ್ರರಿಯಾದ ಎಚ್‌ಎಎಲ್‌ನ ಹ್ಯಾಂಡಲ್ ಹೆಸರೇನು, ಇವ್ಯಾವುವೂ ಅಲ್ಲಿ ಸಿಗಲ್ಲ. ಅವೆಲ್ಲ ಹೊರಗೆ ಹೋಗಬೇಕು.

ಹೊರಗೆ ಎಂದರೆ ಎಲ್ಲಿಗೆ? ಒಂದು ಸ್ಟ್ರಕ್ಟ್ ಮಾಡಿ, ಅದರಲ್ಲಿ ಮೂರು ಫಂಕ್ಷನ್ ಪಾಯಿಂಟರ್ ಇಡಿ: ರಿಜಿಸ್ಟರ್ ಓದು, ರಿಜಿಸ್ಟರ್ ಬರೆ, ಇಷ್ಟು ಹೊತ್ತು ಕಾಯಿ. ಜೊತೆಗೊಂದು ವಾಯ್ಡ್ ಪಾಯಿಂಟರ್, ಯಾವ ಬಸ್, ಯಾವ ಸೆನ್ಸರ್ ಎಂಬ ವಿವರವನ್ನು ಈ ಫಂಕ್ಷನ್‌ಗಳಿಗೆ ತಲುಪಿಸಲು. ಅದನ್ನು ತುಂಬಾ ಜನ ಮರೀತಾರೆ, ಆಮೇಲೆ ಎರಡನೇ ಸೆನ್ಸರ್ ಹಾಕುವ ದಿನ ಗ್ಲೋಬಲ್ ವೇರಿಯಬಲ್ ಹುಡುಕಿಕೊಂಡು ಒದ್ದಾಡ್ತಾರೆ. ಬೋರ್ಡಿಗೊಂದು ಚಿಕ್ಕ ಫೈಲ್, ಅದರಲ್ಲಿ ಈ ಮೂರು ಫಂಕ್ಷನ್, ಅಷ್ಟೇ. ಇಲ್ಲಿಗೇ ನಿಲ್ಲಿಸಿ. ಮುಂದೆ ಬೇಕಾಗಬಹುದು ಅಂತ ಎಸ್‌ಪಿಐ, ಯುಎಆರ್‌ಟಿ ಎಂಬ ಬೇರೆ ಸಂಪರ್ಕಗಳು, ಜಿಪಿಐಓ ಎಂಬ ಸಾಮಾನ್ಯ ಪಿನ್‌ಗಳು, ಎಲ್ಲಕ್ಕೂ ಸೇರಿ ಒಂದು ದೊಡ್ಡ ಫ್ರೇಮ್‌ವರ್ಕ್ ಕಟ್ಟಲು ಕೂತರೆ ಸೆನ್ಸರ್ ಕೆಲಸ ಮೂಲೆಗೆ ಬೀಳುತ್ತದೆ.

ಪಾಯಿಂಟರ್ ಮೂಲಕ ಕರೆದರೆ ನಿಧಾನ ಆಗಲ್ವಾ ಎಂಬ ಅನುಮಾನ ಬೇಡ. 100 ಕಿಲೋಹರ್ಟ್ಜ್ ಐ2ಸಿ ಮೇಲೆ ಒಂದು ಬೈಟ್ ಸಾಗಲು 90 ಮೈಕ್ರೋಸೆಕೆಂಡ್ ಬೇಕು. ಅದರ ಮುಂದೆ ಈ ಕರೆಯ ಖರ್ಚು ಲೆಕ್ಕಕ್ಕೇ ಇಲ್ಲ.

ವಿಳಾಸದ ವಿಷಯದಲ್ಲಿ ಮಾತ್ರ ಹುಷಾರು. ಈ ಸೆನ್ಸರ್‌ನ ವಿಳಾಸ ಹೆಕ್ಸ್ 76 ಅಥವಾ 77, ಅದು 7 ಬಿಟ್‌ನದ್ದು. ಎಸ್‌ಟಿಎಂ32ರ ಎಚ್‌ಎಎಲ್‌ಗೆ ಅದನ್ನು ಎಡಕ್ಕೆ ಒಂದು ಬಿಟ್ ಸರಿಸಿ ಹೆಕ್ಸ್ ಇಸಿ ಎಂದು ಕೊಡಬೇಕು, ಲಿನಕ್ಸ್‌ಗೆ 76 ಎಂದೇ ಕೊಡಬೇಕು. ಹಾಗಾಗಿ ಡ್ರೈವರ್‌ನಲ್ಲಿ ಯಾವಾಗಲೂ 7 ಬಿಟ್ ಇರಲಿ, ಸರಿಸುವ ಕೆಲಸ ಬೋರ್ಡಿನ ಫೈಲ್ ಮಾಡಲಿ. ನಾನೊಮ್ಮೆ ಎರಡೂ ಕಡೆ ಸರಿಸಿಟ್ಟು, ಸೆನ್ಸರ್ ಸತ್ತಿದೆ ಅಂದುಕೊಂಡು ಎರಡು ದಿನ ವೈರ್ ಬದಲಾಯಿಸುತ್ತಾ ಕೂತಿದ್ದೆ.

ಇದಕ್ಕಿಂತ ಕಳ್ಳ ತಪ್ಪು ಬೈಟ್‌ಗಳ ಕ್ರಮದ್ದು. ಬಿಎಂಪಿ280ರ ಕ್ಯಾಲಿಬ್ರೇಷನ್ ಸಂಖ್ಯೆಗಳಲ್ಲಿ (ಕಚ್ಚಾ ಅಳತೆಯನ್ನು ತಿದ್ದಲು ಚಿಪ್ಪಿನಲ್ಲೇ ಇಟ್ಟಿರುವವು) ಚಿಕ್ಕ ಬೆಲೆಯ ಬೈಟ್ ಮೊದಲು ಬರುತ್ತದೆ, ತಾಪಮಾನದ ಕಚ್ಚಾ ಸಂಖ್ಯೆಯಲ್ಲಿ ದೊಡ್ಡದು ಮೊದಲು. ಒಂದೇ ಚಿಪ್ಪು, ಎರಡು ಪದ್ಧತಿ! ಬಫರನ್ನು ಸುಮ್ನೆ ಸ್ಟ್ರಕ್ಟ್ ಪಾಯಿಂಟರ್‌ಗೆ ಕಾಸ್ಟ್ ಮಾಡಬೇಡಿ. ಬೈಟ್‌ಗಳನ್ನು ನೀವೇ ಶಿಫ್ಟ್ ಮಾಡಿ ಜೋಡಿಸಿ. ಮೈನಸ್ ಬರಬಹುದಾದ ಸಂಖ್ಯೆಗೆ 16 ಬಿಟ್ ಸೈನ್ಡ್ ಟೈಪನ್ನೇ ಬಳಸಿ, ಬರೀ ಇಂಟ್ ಬೇಡ. ಇಂಟ್ 16 ಬಿಟ್ ಇರುವ ಎವಿಆರ್ ಪ್ರೊಸೆಸರ್ ಮೇಲೆ -1000 ಎಂದು ಸರಿಯಾಗಿ ಬಂದದ್ದು 32 ಬಿಟ್ ಎಆರ್‌ಎಂ ಮೇಲೆ 64536 ಆಗಿ ಕೂರುತ್ತದೆ.

ಡ್ರೈವರ್ ನಿಜಕ್ಕೂ ಬೋರ್ಡಿನಿಂದ ಬಿಡಿಸಿಕೊಂಡಿದೆಯಾ ಎಂದು ನೋಡಲು ಲ್ಯಾಪ್‌ಟಾಪ್ ಸಾಕು. ಓದುವ ಫಂಕ್ಷನ್ ಜಾಗದಲ್ಲಿ ಒಂದು ಅರೇಯಿಂದ ಬೈಟ್ ಕೊಡುವ ನಕಲಿ ಫಂಕ್ಷನ್ ಇಡಿ. ಡೇಟಾಶೀಟ್‌ನಲ್ಲೇ ಒಂದು ಲೆಕ್ಕ ಮಾಡಿ ತೋರಿಸಿದ್ದಾರೆ: ಕ್ಯಾಲಿಬ್ರೇಷನ್ ಸಂಖ್ಯೆಗಳು ಟಿ1 27504, ಟಿ2 26435, ಟಿ3 -1000, ಕಚ್ಚಾ ತಾಪಮಾನ 519888. ಉತ್ತರ 25.08 ಡಿಗ್ರಿ. ಈ ಬೈಟ್‌ಗಳನ್ನು ಅರೇಗೆ ಹಾಕಿ ಓಡಿಸಿ. 25.08 ಬಂತಾ, ತಾಪಮಾನದ ಭಾಗ ಸರಿಯಿದೆ. ಕಂಪೈಲ್ ಮಾಡುವಾಗ ಎಸ್‌ಟಿಎಂ32ರ ಹೆಡರ್ ಸಿಗಲಿಲ್ಲ ಎಂಬ ಎರರ್ ಬಂತಾ, ಬೋರ್ಡಿನ ಬಾಲ ಇನ್ನೂ ಒಳಗಿದೆ.

ಅಂದಹಾಗೆ, ಪೈ ಮೇಲೆ ಲಿನಕ್ಸ್ ಓಡುತ್ತಿದ್ದರೆ ಅದರ ತಿರುಳಾದ ಕರ್ನಲ್‌ನಲ್ಲೇ ಈ ಸೆನ್ಸರ್‌ಗೆ ಡ್ರೈವರ್ ಇದೆ. ಬೋರ್ಡಿನಲ್ಲಿ ಏನೇನು ಎಲ್ಲಿದೆ ಎಂದು ಕರ್ನಲ್‌ಗೆ ಹೇಳುವ ಡಿವೈಸ್ ಟ್ರೀಯಲ್ಲಿ ಸೆನ್ಸರ್ ಎಲ್ಲಿದೆ ಎಂದು ನಾಲ್ಕು ಸಾಲು ಬರೆದರೆ ಮುಗಿಯಿತು. ಅಲ್ಲೂ ಒಳಗಿನ ಕೋಡ್ ಹೀಗೇ ಬೇರೆ ಬೇರೆ: ಲೆಕ್ಕ ಮಾಡುವ ಫೈಲ್ ಒಂದು, ಐ2ಸಿಗೆ ಒಂದು, ಎಸ್‌ಪಿಐಗೆ ಇನ್ನೊಂದು.

ಪ್ರಶ್ನೆ: ಲಿನಕ್ಸ್ ಡ್ರೈವರ್‌ನಲ್ಲಿ ರಿಸೆಟ್ ಪಿನ್‌ನ ನಂಬರ್ ನೇರವಾಗಿ ಬರೆದರೆ ಏನು ತೊಂದರೆ? ಒಂದೇ ಬೋರ್ಡ್ ತಾನೇ.

ಉತ್ತರ: ಒಂದೇ ಬೋರ್ಡ್ ಅಂತಲೇ ಎಲ್ಲರೂ ಶುರು ಮಾಡೋದು. ಎಆರ್‌ಎಂ ಬೋರ್ಡುಗಳ ಇಂಥ ವಿವರಗಳೆಲ್ಲ ಸಿ ಫೈಲುಗಳಾಗಿ ಕರ್ನಲ್ ತುಂಬಿಕೊಂಡಾಗ 2011ರಲ್ಲಿ ಲಿನಕ್ಸ್ ಸೃಷ್ಟಿಸಿದ ಲೀನಸ್ ಟೋರ್ವಾಲ್ಡ್ಸ್ ಬಹಿರಂಗವಾಗಿಯೇ ರೇಗಿದ್ದರು, ಎಆರ್‌ಎಂ ಡಿವೈಸ್ ಟ್ರೀ ಕಡೆ ಬೇಗ ವಾಲಿದ್ದು ಅದಾದ ಮೇಲೆ. ನಂಬರ್ ಜೊತೆ ಇನ್ನೊಂದು ಪೀಕಲಾಟವೂ ಇದೆ. ಮುಂದಿನ ಬೋರ್ಡಿನಲ್ಲಿ ರಿಸೆಟ್ ದಾರಿಗೆ ಒಂದು ಟ್ರಾನ್ಸಿಸ್ಟರ್ ಬಂದು ಸಿಗ್ನಲ್ ತಲೆಕೆಳಗಾದರೆ ನಿಮ್ಮ 0 ಮತ್ತು 1 ಎರಡೂ ತಪ್ಪು. ನಂಬರ್ ಬದಲು ಜಿಪಿಐಓ ಡಿಸ್ಕ್ರಿಪ್ಟರ್ (ಪಿನ್ ಹಿಡಿಯಲು ಕರ್ನಲ್ ಕೊಡುವ ಹಿಡಿಕೆ) ಬಳಸಿದರೆ ಡ್ರೈವರ್‌ನಲ್ಲಿ 1 ಎಂದರೆ ‘ರಿಸೆಟ್ ಮಾಡು’ ಎಂದಷ್ಟೇ ಅರ್ಥ, ವೈರ್ ಮೇಲೆ ಅದು ಮೇಲೋ ಕೆಳಗೋ ಎಂಬುದನ್ನು ಡಿವೈಸ್ ಟ್ರೀಯ ಆಕ್ಟಿವ್-ಲೋ ಗುರುತು ನೋಡಿಕೊಳ್ಳುತ್ತದೆ. ಡ್ರೈವರ್ ಮುಟ್ಟುವ ಕೆಲಸವೇ ಇಲ್ಲ.