ಊಟ ಆದಮೇಲೆ ಗುಳಿಗೆ ಯಾಕೆ ಹಿಡಿಯಲ್ಲ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಅಪ್ಪನಿಗೆ 74 ವರ್ಷ. ಪಾರ್ಕಿನ್ಸನ್ ಕಾಯಿಲೆಗೆ ಲೆವೊಡೋಪಾ ಗುಳಿಗೆ ತಗೊಳ್ತಾರೆ. ಬೆಳಗ್ಗೆಯದು ಚೆನ್ನಾಗಿ ಹಿಡಿಯುತ್ತದೆ. ಮಧ್ಯಾಹ್ನ ರೊಟ್ಟಿ, ಝುಣಕ, ಮೊಸರು ಉಂಡು ತಗೊಂಡರೆ ಎರಡು ತಾಸಾದರೂ ಹೆಜ್ಜೆ ಕೀಳಲು ಆಗಲ್ಲ. ವಯಸ್ಸಾದ ಮೇಲೆ ಮಿದುಳಿಗೆ ಅಮೈನೋ ಆಮ್ಲ ಹೋಗೋದು ಕಮ್ಮಿಯಾಗುತ್ತೆ, ಅದರ ಪುಡಿ ಕುಡಿಸಿ ಅಂತ ಸಂಬಂಧಿಕರೊಬ್ಬರು ಹೇಳ್ತಾರೆ. ಇನ್ನೊಬ್ಬರು ಕಾಳು, ಹಾಲು ಪೂರ್ತಿ ಬಿಡಿಸಿ ಅಂತಾರೆ. ಏನು ಮಾಡಲಿ?
– ಓದುಗರೊಬ್ಬರು, ಗದಗ

ಉತ್ತರ: ಎರಡೂ ಬೇಡ. ಬದಲಾಗಬೇಕಾದದ್ದು ಗುಳಿಗೆಯ ಹೊತ್ತು.

ರಕ್ತದಲ್ಲಿ ಇರೋದೆಲ್ಲ ಮಿದುಳಿಗೆ ಸುಮ್ನೆ ಹೋಗಿಬಿಡಲ್ಲ. ಅಲ್ಲಿನ ರಕ್ತನಾಳಗಳ ಗೋಡೆ ಬಲು ಬಿಗಿ. ಊಟದ ಪ್ರೋಟೀನ್ ಜೀರ್ಣವಾದಾಗ ಸಿಗುವ ಅಮೈನೋ ಆಮ್ಲಗಳನ್ನು ದಾಟಿಸಲು ಆ ಗೋಡೆಯಲ್ಲಿ ಸಾಗಣೆ ಪ್ರೋಟೀನುಗಳಿವೆ. ಅವುಗಳಲ್ಲಿ ಲ್ಯಾಟ್-1 ಅನ್ನೋದು ಲ್ಯೂಸಿನ್, ಫಿನೈಲ್‌ಅಲನಿನ್, ಟೈರೋಸಿನ್, ಟ್ರಿಪ್ಟೊಫಾನ್ ಇವನ್ನೆಲ್ಲ ಒಳಗೆ ಬಿಡುತ್ತದೆ, ಅಪ್ಪನ ಲೆವೊಡೋಪಾ ಕೂಡ ಇದರ ಮೂಲಕವೇ ಹೋಗಬೇಕು. ಇದು ಮಾಮೂಲಿ ಹೊತ್ತಿನಲ್ಲೂ ಹೆಚ್ಚುಕಮ್ಮಿ ಭರ್ತಿಯಾಗೇ ಇರುತ್ತದೆ. ಕಡಲೆಹಿಟ್ಟಿನ ಝುಣಕ, ಗಟ್ಟಿ ಮೊಸರು, ಜೊತೆಗೆ ಶೇಂಗಾ ಚಟ್ನಿ ಉಂಡಾಗ ರಕ್ತದಲ್ಲಿ ಅಮೈನೋ ಆಮ್ಲ ಏರಿ ಗುಳಿಗೆಗೆ ಜಾಗ ಸಿಗಲ್ಲ.

ಇದು ಬರೀ ಹೊಟ್ಟೆಯ ತಾಪತ್ರಯ ಅಲ್ಲ ಅಂತ 1984ರಲ್ಲೇ ಗೊತ್ತಾಯಿತು. ಅಮೆರಿಕದ ವೈದ್ಯರು ಲೆವೊಡೋಪಾವನ್ನು ನೇರವಾಗಿ ರಕ್ತನಾಳಕ್ಕೇ ಹರಿಸಿದರು. ರಕ್ತದಲ್ಲಿ ಔಷಧ ಇದ್ದೂ, ಜಾಸ್ತಿ ಪ್ರೋಟೀನಿನ ಊಟ ಕೊಟ್ಟಾಗ ಅದರ ಗುಣ ತಗ್ಗಿತು. ಲ್ಯೂಸಿನ್, ಫಿನೈಲ್‌ಅಲನಿನ್ ಕೊಟ್ಟಾಗಲೂ ಹಾಗೇ ಆಯಿತು. ಬೇರೆ ದಾರಿಯಲ್ಲಿ ಹೋಗುವ ಗ್ಲೈಸಿನ್, ಲೈಸಿನ್ ಕೊಟ್ಟಾಗ ಏನೂ ಆಗಲಿಲ್ಲ.

ಇನ್ನು ವಯಸ್ಸಿನ ಮಾತು. ವಯಸ್ಸಾದಂತೆ ಮಿದುಳಿನ ರಕ್ತ ಹರಿವು ಕಮ್ಮಿಯಾಗುತ್ತದೆ, ಆ ಗೋಡೆಯೂ ಅಲ್ಲಲ್ಲಿ ಸಡಿಲವಾಗುತ್ತದೆ, ಅದರಲ್ಲೂ ನೆನಪಿಗೆ ಮುಖ್ಯವಾದ ಹಿಪ್ಪೊಕ್ಯಾಂಪಸ್ ಭಾಗದಲ್ಲಿ. ಆದರೆ ಸೋರಿದ ಮಾತ್ರಕ್ಕೆ ಪೋಷಣೆ ಜಾಸ್ತಿ ಸಿಕ್ಕಂತಲ್ಲ, ಬೇಡದ್ದೂ ಒಳಗೆ ಬರುತ್ತದೆ. ಹಾಗಂತ ಸಾಗಣೆ ನಿಂತೇ ಹೋಗುತ್ತದೆ ಅಂತ ಹೆದರಬೇಡಿ. ಗುಳಿಗೆ ತಡವಾಗೋದಕ್ಕೆ ಇನ್ನೊಂದು ಕಾರಣ ಹೊಟ್ಟೆಯಲ್ಲಿದೆ: ವಯಸ್ಸಾದವರಲ್ಲಿ, ಅದರಲ್ಲೂ ಪಾರ್ಕಿನ್ಸನ್ ಇದ್ದವರಲ್ಲಿ, ಜಠರ ಖಾಲಿಯಾಗೋದು ನಿಧಾನ. ಗುಳಿಗೆ ಹೀರಿಕೆಯಾಗೋದು ಸಣ್ಣ ಕರುಳಿನಲ್ಲಿ, ಅಲ್ಲಿಗೆ ಮುಟ್ಟುವುದೇ ತಡವಾಗುತ್ತದೆ.

ಪುಡಿಯಲ್ಲಿ ಸಾಮಾನ್ಯವಾಗಿ ಇರೋದು ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್. ಮೂರೂ ಲ್ಯಾಟ್-1ಗೇ ಬರುವಂಥವು! ಮಿದುಳಿಗೆ ಒಳ್ಳೇದು ಅಂತ ಕುಡಿಸಿ ಗುಳಿಗೆಯನ್ನೇ ತಡೆದಂತಾಗುತ್ತದೆ, ಅಲ್ವಾ?

ಕಾಳು, ಹಾಲು ಪೂರ್ತಿ ಬಿಡಿಸಿದರೆ ಸ್ನಾಯು ಕರಗಿ, ಬೀಳುವ ಭಯ ಹೆಚ್ಚುತ್ತದೆ, ಅದು ಈ ಕಾಯಿಲೆಗಿಂತ ಬೇಗ ಹಾಸಿಗೆ ಹಿಡಿಸಬಹುದು. ಕಿಡ್ನಿ ಸರಿ ಇದ್ದರೆ 65 ದಾಟಿದವರಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. ಅಪ್ಪ 60 ಕಿಲೋ ಇದ್ದರೆ 60 ಗ್ರಾಂಗಂತೂ ಕಮ್ಮಿ ಬೇಡ.

ಗುಳಿಗೆಯನ್ನು ಊಟಕ್ಕೆ ಅರ್ಧ ತಾಸು ಮೊದಲು ಕೊಟ್ಟು ನೋಡಿ. ವಾಕರಿಕೆ ಬಂದರೆ ಜೊತೆಗೆ ಸ್ವಲ್ಪ ಅಕ್ಕಿ ಗಂಜಿ ಸಾಕು. ಮಧ್ಯಾಹ್ನ ರೊಟ್ಟಿ, ಬದನೆಕಾಯಿ ಪಲ್ಯ, ಝುಣಕ ಮೊಸರು ರಾತ್ರಿಗೆ. ಆದರೆ ಹೀಗೆ ಮಾಡಿದಾಗ ಹಗಲಲ್ಲಿ ಗುಳಿಗೆ ಜೋರಾಗಿ ಹಿಡಿದು ಕೈಕಾಲು ತಾವಾಗೇ ತಿರುಚುವುದು ಹೆಚ್ಚಬಹುದು, ರಾತ್ರಿ ಬಿಗಿತವೂ ಬರಬಹುದು. ಅದಕ್ಕೇ ನರರೋಗ ವೈದ್ಯರಿಗೆ ಹೇಳದೆ ಶುರು ಮಾಡಬೇಡಿ, ಡೋಸ್ ಅಂತೂ ನೀವೇ ಬದಲಿಸಬೇಡಿ. ಗುಳಿಗೆ ಎಷ್ಟು ಗಂಟೆಗೆ, ಊಟ ಎಷ್ಟು ಗಂಟೆಗೆ, ನಡಿಗೆ ಯಾವಾಗ ಸಲೀಸಾಯಿತು ಅಂತ ಒಂದು ವಾರ ಬರೆದಿಟ್ಟು ಆ ಹಾಳೆ ಅವರಿಗೆ ತೋರಿಸಿ.